ಲೆಕ್ಕ ತಪ್ಪದ ಗುಳಿಗೆ ಬಾಟಲಿ

ಈ ಕೆಲಸಕ್ಕೆ ಏನು ಖರ್ಚು ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುವವರು ಓದಲಿ. ಒಬ್ಬ ಹೆಣ್ಣುಮಗಳ ಎಡಗಿವಿ ಹೋಯಿತು. ಗಂಗಾವತಿಯ ಕಾಲುವೆ ಪಟ್ಟಿಯಲ್ಲಿ ಹದಿಮೂರು ವರ್ಷ ತಿರುಗಿ ನಾನು ಕಟ್ಟಿಕೊಂಡಿದ್ದ ಆರು ಊರಿನ ಸೀರೆ ವ್ಯಾಪಾರ ಹೋಯಿತು. ವ್ಯಾಪಾರಕ್ಕೆ ನಾನು ಅಳಲಿಲ್ಲ. ಗಂಟು ಹೊತ್ತು ಬೇರೆ ಊರಿಗೆ ಹೋದರೆ ಅದು ಮತ್ತೆ ಹುಟ್ಟುತ್ತದೆ. ಕಿವಿ ಹಾಗಲ್ಲ. ಹೊಡೆದದ್ದು ಅವಳ ಗಂಡ. ಆದರೆ ಅವನ ಕೈ ಅಲ್ಲಿಯ ತನಕ ಹೋಗಲು ದಾರಿ ಬಿಟ್ಟುಕೊಟ್ಟದ್ದು ನನ್ನದೊಂದು ಚೌಕಾಸಿ, ಆಮೇಲೆ ನನ್ನದೊಂದು ಫೋನು. ಬರೆಯುತ್ತಿರುವುದು ಅದಕ್ಕೇ. ನನ್ನಂಥ ಕೆಲಸ ಮಾಡುವವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಎಲ್ಲರೂ ನನ್ನ ಹಾಗೆ ಚುರುಕಿನವರೇ, ಹಾಗಾಗಿ ಎಲ್ಲರೂ ಇದೇ ತಪ್ಪು ಮಾಡಬಲ್ಲವರೇ.

ಅಚ್ಚಿಗೆ ಕೊಡುವ ಮೊದಲು ಅವಳಿಗೆ ಇದನ್ನು ಓದಿ ಹೇಳಿದ್ದೇನೆ. ಎರಡು ಕಡೆ ತೆಗೆಸಿದಳು, ಒಂದು ಕಡೆ ಸೇರಿಸಿದಳು. ಅವಳ ಊರಿನ ಹೆಸರು ಬರೆದಿಲ್ಲ.

ಎಚ್‌ಐವಿ ಇರುವವರು ಎಆರ್‌ಟಿ ಕೇಂದ್ರಕ್ಕೆ ತಿಂಗಳು ತಿಂಗಳು ಬಂದು ಗುಳಿಗೆ ಒಯ್ಯುವಂತೆ ನೋಡಿಕೊಳ್ಳುವುದು, ಬಾರದವರನ್ನು ಮನೆಯ ತನಕ ಹೋಗಿ ಹುಡುಕುವುದು ನನ್ನ ಕೆಲಸ. ನಾನೂ ಅದೇ ಗುಳಿಗೆ ನುಂಗುವವಳು. ಗಂಡ ತೀರಿಕೊಂಡ ಮೇಲೆ ಯಲಬುರ್ಗಾದ ಒಣ ಹೊಲ ಬಿಟ್ಟು ಸೀರೆಯ ಗಂಟು ಹೊತ್ತು ಹೊರಬಿದ್ದವಳು. ಈ ಕೆಲಸ ಸಿಕ್ಕ ಮೇಲೂ ಗಂಟನ್ನು ಇಳಿಸಲಿಲ್ಲ. ಐದು ಮನೆಯಲ್ಲಿ ಸೀರೆ, ಕುಬಸದ ಬಟ್ಟೆ ತೋರಿಸಿ, ಆರನೆಯದರಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಗುಳಿಗೆಯ ಮಾತಾಡಿ, ಏಳನೆಯದರಲ್ಲಿ ಮತ್ತೆ ಸೀರೆ ಬಿಚ್ಚುತ್ತಿದ್ದೆ. ಊರಿಗೆ ನಾನು ಸೀರೆ ಅಕ್ಕ. ಯಾರ ಮನೆಗೆ ಯಾಕೆ ಹೋದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಹುಡುಗಿ ಕುಷ್ಟಗಿ ಕಡೆಯವಳು, ಇಪ್ಪತ್ತೆರಡು ವಯಸ್ಸು. ಶ್ರೀರಾಮನಗರ ದಾಟಿದರೆ ಸಿಗುವ ಕ್ಯಾಂಪುಗಳಲ್ಲಿ, ಅಂದರೆ ಕಾಲುವೆ ನೀರು ಬಂದ ಮೇಲೆ ಎದ್ದ ಊರುಗಳಲ್ಲಿ, ಒಂದಕ್ಕೆ ಕೊಟ್ಟಿದ್ದರು. ಗಂಡ ಅಕ್ಕಿ ಮಿಲ್ಲಿನಲ್ಲಿ ಕಾಟಾದ ಮೇಲಿನವನು, ಅಂದರೆ ಬಂದ ಭತ್ತವನ್ನು ತೂಗಿ ಬರೆದುಕೊಳ್ಳುವವನು. ಮಿಲ್ಲಿನ ಕಾಂಪೌಂಡಿನೊಳಗೇ ಅವರಿಗೊಂದು ಕೋಣೆ. ಮೂರು ತಿಂಗಳ ಬಸುರಿಯಾಗಿದ್ದಾಗ ಎಲ್ಲ ಬಸುರಿಯರಿಗೆ ಮಾಡುವ ಹಾಗೆ ಅವಳ ರಕ್ತ ನೋಡಿದರು. ಎಚ್‌ಐವಿ ಇತ್ತು. ಗಂಡನನ್ನು ಕರೆಸಿದರು. ಅವನಿಗೂ ಇತ್ತು. ಅವನು ಬೆಚ್ಚಲಿಲ್ಲ, ಯಾರ ಮೇಲೂ ರೇಗಲಿಲ್ಲ, ಮುಂದೆ ಏನು ಮಾಡಬೇಕು ಹೇಳ್ರಿ ಅಂದ. ಎಂಥ ಗಟ್ಟಿ ಮನುಷ್ಯ ಎಂದುಕೊಂಡೆ. ಮೊದಲ ಬಾರಿಗೆ ಈ ಸುದ್ದಿ ಕೇಳಿದವರು ಹಾಗಿರುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ವೈದ್ಯರು ಇಬ್ಬರಿಗೂ ಬಿಡಿಸಿ ಹೇಳಿದರು. ದಿನಕ್ಕೊಂದು ಗುಳಿಗೆ. ಒಂದು ದಿನವೂ ತಪ್ಪದೆ ನುಂಗಿದರೆ ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ, ಕೂಸಿಗೆ ಹತ್ತುವ ಭಯ ಬಹಳ ಕಡಿಮೆ. ಬಿಟ್ಟು ಬಿಟ್ಟು ನುಂಗಿದರೆ ತಾಯಿಗೂ ಕಷ್ಟ, ಕೂಸಿಗೂ ಕಷ್ಟ. ನಮ್ಮ ಕೈಯಲ್ಲಿ ಇದ್ದದ್ದು ಆರು ತಿಂಗಳು.

ಮುಂದಿನ ತಿಂಗಳು ಇಬ್ಬರೂ ಬಂದಾಗ ಅವನು ನನ್ನನ್ನು ಬದಿಗೆ ಕರೆದ.

"ಅಕ್ಕಾರ, ಸುಗ್ಗಿ ಹತ್ತೈತ್ರಿ. ಭತ್ತದ ಟ್ರ್ಯಾಕ್ಟರ್ ಮಿಲ್ಲಿನ ಮುಂದ ಸಾಲು ಹಚ್ಚಿ ನಿಂತಾವ. ಇಬ್ಬರೂ ಬರಬೇಕಂದ್ರ ನಂಗ ಆಗಂಗಿಲ್ಲ. ನಾನೊಬ್ಬನ ಬಂದು ಇಬ್ಬರ್ದೂ ಒಯ್ತೀನ್ರಿ."

ಬಸುರಿ ಖುದ್ದು ಬರಬೇಕು, ತೂಕ ನೋಡಿಸಬೇಕು, ಕೇಂದ್ರದ ಆಪ್ತಸಮಾಲೋಚಕಿಯ ಹತ್ತಿರ ಒಬ್ಬಳೇ ಕೂತು ಮಾತಾಡಬೇಕು. ಅದು ಪದ್ಧತಿ. ಆದರೆ ಅಂಥ ಪದ್ಧತಿಗೆ ಜೋತುಬಿದ್ದು ಇಡೀ ಮನೆಯೇ ಗುಳಿಗೆ ಬಿಟ್ಟದ್ದನ್ನು ನಾನು ನೋಡಿದ್ದೆ. ವ್ಯಾಪಾರದಲ್ಲಿ ಗಿರಾಕಿ ಎದ್ದು ಹೋಗುವ ಮುಂಚೆ ಏನಾದರೂ ಬಿಟ್ಟುಕೊಡಬೇಕು, ಬದಲಿಗೆ ಏನಾದರೂ ಹಿಡಿದಿಟ್ಟುಕೊಳ್ಳಬೇಕು. ನಾನು ಮೂರು ಹಿಡಿದೆ. ತಿಂಗಳಿಗೊಮ್ಮೆ ಅವನು ಎರಡೂ ಬಾಟಲಿ ತಂದು ಉಳಿದ ಗುಳಿಗೆ ಎಣಿಸಿ ತೋರಿಸಬೇಕು. ಅವಳ ಚಿಕಿತ್ಸೆಗೆ ಜೊತೆಗಾರ ಎಂದು ಅವನೇ ಸಹಿ ಮಾಡಬೇಕು, ಅವನ ಫೋನ್ ನಂಬರೇ ಇರಬೇಕು. ಹದಿನೈದು ದಿನಕ್ಕೊಮ್ಮೆ ನಾನು ಫೋನಿನಲ್ಲಿ ಅವಳನ್ನು ವಿಚಾರಿಸಬೇಕು. ಆಪ್ತಸಮಾಲೋಚಕಿ ಒಪ್ಪಲು ಹಿಂದೆ ಮುಂದೆ ನೋಡಿದರು. ನಾನಿದ್ದೇನಲ್ಲ ಮೇಡಂ, ನಾನು ಜಾಮೀನು, ಅಂದೆ. ಆಗ ಹುಡುಗಿ ಬೆಂಚಿನ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದಳು. ನಿನಗೇನನಿಸುತ್ತದೆ ಎಂದು ನಾನು ಅವಳನ್ನು ಕೇಳಲೇ ಇಲ್ಲ.

ಅವನು ಮಾತಿನಂತೆ ನಡೆದ. ಬಾಟಲಿಯಲ್ಲಿ ಮೂವತ್ತು ಗುಳಿಗೆ ಇರುತ್ತವೆ. ಅವನು ಸರಿಯಾಗಿ ಇಪ್ಪತ್ತೆಂಟನೆಯ ದಿನ ಬರುತ್ತಿದ್ದ, ಎರಡೂ ಬಾಟಲಿ ಮೇಜಿನ ಮೇಲೆ ಇಡುತ್ತಿದ್ದ, ಒಂದೊಂದರಲ್ಲಿ ಎರಡೆರಡು. ಎರಡು ತಿಂಗಳು ಹೀಗೇ ನಡೆಯಿತು. ಗುಳಿಗೆ ಮರೆತು ಬರುವ ಗಂಡಸರಿಗೆ ಅವನನ್ನು ತೋರಿಸಿ, ನೋಡಿ ಕಲೀರಿ, ಹೆಂಡತಿಯದನ್ನೂ ಹೇಗೆ ಕಾಯುತ್ತಾನೆ ಅನ್ನುತ್ತಿದ್ದೆ. ಅವನು ತಲೆ ತಗ್ಗಿಸಿ ನಗುತ್ತಿದ್ದ.

ನಮ್ಮ ಫಾರಂನಲ್ಲಿ ಒಂದು ಕಾಲಂ ಇದೆ, ಮನೆಯಲ್ಲಿ ಹಿಂಸೆ ಇದೆಯೇ ಎಂದು. ಅದನ್ನು ಖಾಲಿ ಬಿಡುವಂತಿಲ್ಲ. ಐದನೆಯ ತಿಂಗಳಲ್ಲಿ ಅವನ ನಂಬರಿಗೆ ಫೋನ್ ಮಾಡಿ, ಅವಳಿಗೆ ಕೊಡು ಎಂದು ಹೇಳಿ, ಊಟ, ನಿದ್ದೆ ಕೇಳಿದ ಬಾಯಲ್ಲೇ, ಮನೆಯಲ್ಲಿ ಬೈಯುವುದು ಹೊಡೆಯುವುದು ಏನಾದರೂ ಇದೆಯೇನವ್ವ ಎಂದೂ ಕೇಳಿದೆ. ಅವಳು ನಕ್ಕಳು. ಅಂಥಾದ್ದೇನೂ ಇಲ್ರಿ ಅಂದಳು. ಇಲ್ಲ ಎಂಬುದಕ್ಕೆ ಟಿಕ್ ಹಾಕಿ ಫಾರಂ ಮುಂದಕ್ಕೆ ಕಳಿಸಿದೆ.

ಆರನೆಯ ತಿಂಗಳು ನಡೆಯುವಾಗ ಆ ಕಡೆ ಗಂಟು ಹೊತ್ತು ಹೋದೆ. ಅವನು ಕಾಟಾದ ಕೋಣೆಯಲ್ಲಿದ್ದ. ಇವಳು ಮನೆಯ ಮುಂದೆ ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ಮಾತಾಡಿಸಿದೆ. ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಕರೆದೆ. ಇಲ್ಲ. ಏನು ಧಿಮಾಕು ಇದು ಎಂದು ಹೆಗಲು ಮುಟ್ಟಿದೆ. ಅವಳು ಬೆಚ್ಚಿ ಮೊರ ಕೆಡವಿದಳು. ಆಮೇಲೆ ಮೆಲ್ಲಗೆ, ಈ ಕಡೆ ಬರ್ರಿ ಎಂದು ತನ್ನ ಬಲಗಡೆ ಕೂರಿಸಿಕೊಂಡಳು.

ನಾನು ಸೀರೆ ಬಿಚ್ಚಿ ಹಾಸಿದೆ. ಅವಳು ಒಂದು ಹಸಿರು ಸೀರೆಯ ಅಂಚನ್ನು ಬೆರಳಲ್ಲಿ ಸವರುತ್ತ, ತಲೆ ಎತ್ತದೆ ಕೇಳಿದಳು.

"ಅಕ್ಕಾರ, ವಾರದಾಗ ಮೂರ ದಿನ ಗುಳಿಗಿ ತಪ್ಪಿದ್ರ ಕೂಸಿಗೆ ಏನಾಗತೈತ್ರಿ?"

"ನಿಂದು ಎಲ್ಲಿ ತಪ್ಪೈತಿ? ಬಾಟ್ಲಿ ನಾನ ಎಣಿಸೇನಿ. ಸರಿ ಐತಿ."

"ಅವನ ಲೆಕ್ಕ ಸರೀನ ಇರತೈತ್ರಿ."

ಗುಳಿಗೆಯ ಬಾಟಲಿಗಳು ಟ್ರಂಕಿನಲ್ಲಿ. ಬೀಗದ ಕೈ ಅವನ ಉಡದಾರದಲ್ಲಿ. ರಾತ್ರಿ ಊಟವಾದ ಮೇಲೆ ಅವನೇ ತೆಗೆದು, ತಾನೊಂದು ನುಂಗಿ, ಅವಳಿಗೊಂದು ಕೊಡುತ್ತಿದ್ದ. ಅದು ಅವನು ಹೇಳಿದ ಮಾತನ್ನು ಅವಳು ಕೇಳಿದ ದಿನ. ಎದುರು ಮಾತಾಡಿದ ದಿನ, ತವರಿಗೆ ಫೋನ್ ಮಾಡಬೇಕೆಂದ ದಿನ, ಹಾಸಿಗೆಯಲ್ಲಿ ಒಲ್ಲೆ ಎಂದ ದಿನ ಅವಳ ಪಾಲಿನ ಗುಳಿಗೆಯನ್ನು ಅವಳ ಕಣ್ಣೆದುರೇ ಬಚ್ಚಲಿನ ಮೋರಿಗೆ ಹಾಕುತ್ತಿದ್ದ. ಇಟ್ಟುಕೊಂಡರೆ ಬಾಟಲಿಯಲ್ಲಿ ಉಳಿದುಬಿಡುತ್ತದಲ್ಲ. ಲೆಕ್ಕ ಕೆಡಬಾರದು ಎಂದು ಹೇಳುತ್ತಿದ್ದನಂತೆ. ತನಗೆ ಈ ಕಾಯಿಲೆ ಇದೆ ಎಂಬುದು ಅವನಿಗೆ ಮದುವೆಗೆ ಮೊದಲೇ ಗೊತ್ತಿತ್ತು. ಈ ಮಾತು ಹೊರಗೆ ಬಿದ್ದರೆ ಕಾಯಿಲೆ ತಂದವಳು ನೀನೇ ಅಂತ ಹೇಳುತ್ತೇನೆ, ನಿಮ್ಮಣ್ಣ ಯಾರನ್ನು ನಂಬುತ್ತಾನೆ ನೋಡೋಣ ಅಂದಿದ್ದ.

ಕಿವಿಯ ವಿಷಯ ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ನೀವು ಫೋನ್ ಮಾಡಿದ್ರಲ್ರಿ ಅವತ್ತು. ಸ್ಪೀಕರ್ ಹಾಕಿದ್ದ. ನೀ ಏನೂ ಹೇಳಲಾರದ ಅಕಿ ಹೊಡ್ಯೂ ಮಾತ ಯಾಕ ಕೇಳಿದ್ಲು ಅಂತ ಅಂದು ಹೊಡದ. ಅವತ್ತಿನಿಂದ ಈ ಕಡೆ ಗುಂಯ್ ಅಂತೈತಿ, ಕೇಳಂಗಿಲ್ಲ."

ಇದರಲ್ಲಿ ದೂರು ಇರಲಿಲ್ಲ. ಯಾವ ದಿನ, ಹೇಗೆ ಎಂದು ವಿವರ ಕೊಟ್ಟಳು ಅಷ್ಟೇ. ನಾನು ಸೀರೆ ಮಡಚಿದೆ. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದೆ.

ಇಷ್ಟು ಕೇಳಿದ ಮೇಲೆ ಬುದ್ಧಿ ಇದ್ದವರು ಸುಮ್ಮನೆ ಆಪ್ತಸಮಾಲೋಚಕಿಯ ಹತ್ತಿರ ಹೋಗುತ್ತಿದ್ದರು. ನನಗೆ ಚೌಕಾಸಿಯ ಮೇಲೆ ಇನ್ನೂ ನಂಬಿಕೆ ಇತ್ತು. ಎರಡು ದಿನ ಬಿಟ್ಟು ಕಾಟಾದ ಕೋಣೆಗೇ ಹೋದೆ. ಅವಳ ಹೆಸರು ಎತ್ತಲಿಲ್ಲ. ಸುಗ್ಗಿಯಲ್ಲಿ ನೀನು ಬರುವುದೂ ಬೇಡ, ಗುಳಿಗೆ ನಾನೇ ತಂದು ಮನೆಗೆ ಮುಟ್ಟಿಸುತ್ತೇನೆ, ನಿನಗೂ ಓಡಾಟದ ದಗದ ತಪ್ಪುತ್ತದೆ ಅಂದೆ. ಅವನು ಚಹಾ ತರಿಸಿದ. ಹೊರಗೆ ಟ್ರ್ಯಾಕ್ಟರಿನವನು ಕಾಯುತ್ತಿದ್ದ. ಅವನ ತೂಕ ಬರೆದು, ಚೀಟಿ ಹರಿದು ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾರ, ನನ್ನ ಬಾಟ್ಲಿಯಾಗ ಲೆಕ್ಕ ಎಂದರ ತಪ್ಪೈತೇನ್ರಿ?"

ಇಲ್ಲ ಅಂದೆ.

"ಮತ್ತ್ಯಾಕ ತ್ರಾಸು ತಗೋತೀರಿ? ನಿಮ್ಮ ಸೀರಿ ಗಂಟಿನ ಜೋಡಿ ಇನ್ನೇನ ತಿರಗತೈತಿ ಅಂತ ಈ ಕ್ಯಾಂಪಿನ ಮಂದಿಗೆ ಗೊತ್ತಿಲ್ಲ. ಗೊತ್ತಾದ್ರ ನಿಮ್ಮ ಕೈಯಾಗಿನ ಸೀರಿ ಯಾರರ ಮುಟ್ಟತಾರೇನ್ರಿ? ಚಹಾ ಕುಡೀರಿ, ಆರತೈತಿ."

ಕುಡಿದೆ. ಒಂದೇ ವಾರದಲ್ಲಿ ಆ ಕ್ಯಾಂಪಿನಲ್ಲಿ ನನಗೆ ಬಾಗಿಲು ಹಾಕಿಕೊಂಡವು. ಮುಂದಿನ ಹದಿನೈದು ದಿನದಲ್ಲಿ ಪಕ್ಕದ ಐದು ಊರಿಗೂ ಸುದ್ದಿ ಹೋಯಿತು. ಹತ್ತು ವರ್ಷ ನನ್ನ ಹತ್ತಿರವೇ ಸೀರೆ ಕೊಂಡವಳೊಬ್ಬಳು ನಾನು ಕೂತಿದ್ದ ಚಾಪೆಯನ್ನು ನನ್ನೆದುರೇ ತೊಳೆದಳು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಈಗ ಆ ಹುಡುಗಿಯ ಹತ್ತಿರ ಹೋಗಲು ನನಗೆ ಯಾವ ನೆಪವೂ ಉಳಿದಿರಲಿಲ್ಲ. ಅವಳಿಗೆ ಫೋನಿಲ್ಲ, ಅವನ ನಂಬರಿಗೆ ನಾನು ಮಾಡುವಂತಿಲ್ಲ. ಮಿಲ್ಲಿನ ಗೇಟಿನೊಳಗೆ ಒಬ್ಬಳು ಸಿಕ್ಕಿಬಿದ್ದಿದ್ದಳು, ಹೊರಗೆ ನಾನು.

ಆಗ ಹೋಗಿ ಆಪ್ತಸಮಾಲೋಚಕಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಜಾಮೀನು ನಿಂತಿದ್ದಿರಿ, ಈಗ ಕೂಡ್ರಿ ಅಂದರು. ವೈದ್ಯರ ಜೊತೆ ಮಾತಾಡಿ ಒಂದು ದಾರಿ ತೆಗೆದರು. ವೈರಲ್ ಲೋಡ್ ಪರೀಕ್ಷೆಗೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ನೋಡಲು, ಅವಳ ಕೈಗೇ ಸೂಜಿ ಚುಚ್ಚಬೇಕು. ಅದಕ್ಕೆ ಅವಳ ಬದಲು ಯಾರೂ ಬರಲಾಗದು. ಕೂಸಿನ ಸಲುವಾಗಿ ಎಂದು ಕಟ್ಟುನಿಟ್ಟಾಗಿ ಹೇಳಿದಾಗ ಅವನು ಕರೆದುಕೊಂಡು ಬಂದ. ಬಸುರಿಯರ ತೂಕ ನೋಡುವ ಕೋಣೆಗೆ ಗಂಡಸರನ್ನು ಬಿಡುವುದಿಲ್ಲ. ರಕ್ತ ಕೊಟ್ಟ ಮೇಲೆ ಆ ಬಾಗಿಲು ಹಾಕಿಕೊಂಡು ನಮಗೆ ಸಿಕ್ಕದ್ದು ಹತ್ತು ನಿಮಿಷ.

ನಾನು ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ಮೊದಲು ದೂರು, ಆಮೇಲೆ ಮಹಿಳೆಯರ ಆಶ್ರಯ ಕೇಂದ್ರ, ಆಮೇಲೆ ಕೋರ್ಟು. ಗಂಡನ ಮನೆಯಲ್ಲಿ ಇರುವ ಹಕ್ಕು ಕಾನೂನು ಕೊಡುತ್ತದೆ ಎಂದೂ ಹೇಳಿದೆ.

"ಅದು ಮನಿ ಅಲ್ರಿ, ಮಿಲ್ಲಿನ ಖೋಲಿ," ಅಂದಳು. "ದೂರು ಕೊಟ್ಟ ದಿನ ಸಂಜಿಗೆ ನಾ ಎಲ್ಲಿ ಮಲಗ್ಲಿ? ಏಳರಾಗ ಬಿದ್ದೈತಿ ನಂಗ."

ತವರಿನ ಮಾತೆತ್ತಿದೆ. ಅದೂ ಮುಚ್ಚಿತ್ತು. ಚೊಚ್ಚಿಲ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಿ ಹೆರಿಗೆಗೆ ಕರೆದೊಯ್ಯಲು ಅಣ್ಣ ಹಿಂದಿನ ವಾರ ಬಂದಿದ್ದ. ಗಂಡ ಉಂಡು ಹೋಗು ಎಂದು ಕೂರಿಸಿ, ದೊಡ್ಡ ಡಾಕ್ಟರು ಗಂಗಾವತಿ ಬಿಡಬೇಡಿ ಎಂದಿದ್ದಾರೆ ಎಂದು ಹೇಳಿ ಕಳಿಸಿಬಿಟ್ಟಿದ್ದ. ಸುಳ್ಳಲ್ಲ. ಇಂಥ ಹೆರಿಗೆ ಇಲ್ಲೇ, ಎಲ್ಲ ಔಷಧ ಇರುವ ಸರ್ಕಾರಿ ಆಸ್ಪತ್ರೆಯಲ್ಲೇ ಆಗಲಿ ಎಂದು ಹೇಳಿದ್ದವರು ನಾವೇ. ನಮ್ಮ ಮಾತನ್ನೇ ಅವನು ಚಿಲಕ ಮಾಡಿಕೊಂಡಿದ್ದ.

ನಾನು ಮತ್ತೆ ಬಾಯಿ ತೆರೆದೆ. ಆಪ್ತಸಮಾಲೋಚಕಿ ನನ್ನ ಮೊಣಕೈ ಹಿಡಿದು ಸುಮ್ಮನಿರಿಸಿ ಅವಳನ್ನು ಕೇಳಿದರು. "ನೀ ಹೇಳವ್ವ. ಅಂವ ಯಾಕಂತ ಕೇಳಲಾರದಂಗ ದಿನಾ ಎಲ್ಲಿಗೆ ಹೋಗಿ ಬರ್ತಿ?"

ನಾನು ಮೂರು ತಿಂಗಳಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಅದು. ಅವಳು ಯೋಚಿಸಲೇ ಇಲ್ಲ.

"ಅಂಗನವಾಡಿಗೆ ಹೊಕ್ಕೀನ್ರಿ, ಮಧ್ಯಾಹ್ನ ಊಟಕ್ಕ. ಕಾಟಾದ ಕಿಟಕ್ಯಾಗಿಂದ ಅದರ ಬಾಗಲಾ ಕಾಣತೈತಿ, ಅದಕ್ಕ ಬ್ಯಾಡ ಅನ್ನಂಗಿಲ್ಲ."

ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಾ ಬಿಸಿಯೂಟ ಕೊಡುತ್ತಾರೆ, ಉಂಡ ಮೇಲೆ ಅಲ್ಲೇ ಕಬ್ಬಿಣದ ಗುಳಿಗೆ ನುಂಗಿಸುತ್ತಾರೆ. ಅಂದರೆ ದಿನಕ್ಕೊಮ್ಮೆ ಅವಳು ಗುಳಿಗೆ ನುಂಗುವ, ಯಾರೂ ಅನುಮಾನ ಪಡದ ಜಾಗ ಮೊದಲೇ ಇತ್ತು. ನಾನು ಕಂಡಿರಲಿಲ್ಲ. ಅವತ್ತು ನಾನು ಮಾಡಿದ ನಿರ್ಧಾರ ಒಂದೇ: ಇನ್ನು ಮೇಲೆ ಅವನ ಜೊತೆ ಚೌಕಾಸಿ ಇಲ್ಲ, ಅವಳ ಪರವಾಗಿ ಲೆಕ್ಕ ಹಾಕುವುದೂ ಇಲ್ಲ. ಅವಳು ಹೇಳಿದ್ದನ್ನು ಆಗುವಂತೆ ಮಾಡುವುದಷ್ಟೇ ನನ್ನ ದಗದ.

ವೈದ್ಯರನ್ನು ಮೂರು ವಿಷಯ ಕೇಳಿಕೊಂಡೆವು. ರಾತ್ರಿಯ ಗುಳಿಗೆಯನ್ನು ಮಧ್ಯಾಹ್ನಕ್ಕೆ ಬದಲಿಸಬಹುದೇ? ಬದಲಿಸಬಹುದು, ಬದಲಿಸಿದ ಮೇಲೆ ದಿನಾ ಅದೇ ಹೊತ್ತು ಇರಲಿ. ಕಬ್ಬಿಣದ ಗುಳಿಗೆಯ ಜೊತೆ ನುಂಗಬಹುದೇ? ಖಾಲಿ ಹೊಟ್ಟೆಯಲ್ಲಿ ಬೇಡ, ಕಬ್ಬಿಣ ಇದರ ಶಕ್ತಿ ತಿನ್ನುತ್ತದೆ. ಊಟದ ಜೊತೆಗಾದರೆ ಎರಡೂ ಆಗಬಹುದು. ರಾತ್ರಿ ಅವನು ಕೊಟ್ಟ ದಿನ? ದಿನಕ್ಕೆ ಎರಡು ನುಂಗಬಾರದು. ಅದಕ್ಕೆ ಅವಳೇ, ದವಡೆಯಲ್ಲಿ ಒತ್ತಿಟ್ಟುಕೊಳ್ಳುತ್ತೇನೆ, ಬಚ್ಚಲಿಗೆ ಹೋದಾಗ ಉಗುಳುತ್ತೇನೆ ಅಂದಳು. ಅವನು ಬಿಸಾಕುತ್ತಿದ್ದ ಅದೇ ಮೋರಿಗೆ. ವೈದ್ಯರು ಅವಳ ಕಡತದಲ್ಲಿ ಕಾರಣ ಬರೆದು ಅವಳ ಹೆಸರಿಗೆ ಇನ್ನೊಂದು ಬಾಟಲಿ ಕೊಡಿಸಿದರು. ಅವನ ಕೈಗೆ ಕೊಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವನಿಗೆ ಗೊತ್ತಾಗುತ್ತಿತ್ತು.

ಅಂಗನವಾಡಿ ಟೀಚರ್ ತಿಂಗಳ ಸಭೆಗೆ ಗಂಗಾವತಿಗೆ ಬರುತ್ತಾರೆ. ಆ ಬಾಟಲಿಯನ್ನು ಅವರ ಕೈಗೆ ಕೊಟ್ಟು, ಹುಡುಗಿ ಒಪ್ಪಿದಷ್ಟನ್ನೇ ಹೇಳಿದೆ: ಇವು ಅವಳ ಗುಳಿಗೆ, ದಿನಾ ಊಟದ ಜೊತೆ ಒಂದು, ಗಂಡನಿಗೆ ತಿಳಿಯಬಾರದು. ಶಕ್ತಿಯ ಗುಳಿಗೆ ಎಂದೋ ಏನೋ ಸುಳ್ಳು ಹೆಣೆಯಲು ನನ್ನ ನಾಲಿಗೆ ತುರಿಸುತ್ತಿತ್ತು. ಟೀಚರ್ ಅವಕಾಶ ಕೊಡಲಿಲ್ಲ.

"ಅದೇನಂತ ನಾ ಕೇಳಂಗಿಲ್ಲ, ನೀವೂ ಹೇಳಬ್ಯಾಡ್ರಿ. ಹತ್ತಾರು ಹೆಣ್ಮಕ್ಕಳ ಗುಳಿಗಿ ಡಬ್ಬಿ ನನ್ನ ಕಪಾಟಿನ್ಯಾಗ ಅದಾವ. ಒಂದು ಹೆಚ್ಚಾತು."

ಹಾಗೆ ಶುರುವಾಯಿತು. ಊಟಕ್ಕೆ ಹೋಗುವುದನ್ನು ಕಾಟಾದ ಕಿಟಕಿಯಿಂದ ಅವನು ದಿನಾ ನೋಡುತ್ತಿದ್ದ. ನೋಡಿ ಸಮಾಧಾನ ಪಡುತ್ತಿದ್ದ.

ಅಂಗನವಾಡಿಗೆ ಭಾನುವಾರ ರಜೆ. ಶನಿವಾರ ಒಂದು ಗುಳಿಗೆಯನ್ನು ಅವಳು ಕುಂಕುಮದ ಡಬ್ಬಿಯಲ್ಲಿ ಹಾಕಿಕೊಂಡು ಒಯ್ಯುತ್ತಿದ್ದಳು. ಮೂರನೆಯ ಭಾನುವಾರ ಅದು, ಕುಂಕುಮ ಮೆತ್ತಿ ಗುರುತು ಸಿಗದಂತಾಗಿ, ಅವನಿಗೆ ಸಿಕ್ಕಿತು. ಏನಿದು ಎಂದ. ಅಂಗನವಾಡಿಯ ಕ್ಯಾಲ್ಸಿಯಂ, ಅಲ್ಲಿ ನುಂಗಲಿಕ್ಕೆ ಮರೆತೆ ಅಂದಳು. ಅವನು ಮಾತಾಡದೆ ಉಡದಾರದಿಂದ ಬೀಗದ ಕೈ ತೆಗೆದು, ಟ್ರಂಕಿನ ಬಾಟಲಿಯನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದೇ ಎಣಿಸಿದ. ಎರಡು ಸಲ ಎಣಿಸಿದ. ಒಂದೂ ಕಡಿಮೆ ಇರಲಿಲ್ಲ. ತನ್ನ ಬಾಟಲಿಯದಲ್ಲ ಅಂದ ಮೇಲೆ ಅದು ಆ ಗುಳಿಗೆ ಅಲ್ಲ ಎಂದು ನಂಬಿದ. ಅವನ ಲೆಕ್ಕವೇ ಅವಳನ್ನು ಕಾಯಿತು. ಅವನು ಎಣಿಸುವಷ್ಟು ಹೊತ್ತು ಕೂಸು ಒಳಗೆ ಒದೆಯುವುದನ್ನೂ ನಿಲ್ಲಿಸಿತ್ತು ಎಂದು ಅವಳು ಆಮೇಲೆ ಹೇಳಿದಳು. ನಾನು ಬರೆದದ್ದಕ್ಕೆ ಅವಳು ಸೇರಿಸಿದ ಸಾಲು ಇದು.

ತೂಕದ ಕೋಣೆಯಲ್ಲಿ ಮಾತಾಡಿದ ದಿನ ತೆಗೆದ ರಕ್ತದ ಫಲಿತಾಂಶ ಅಷ್ಟರಲ್ಲಿ ಬಂದಿತ್ತು. ಬಹಳ ಹೆಚ್ಚಿತ್ತು, ಅಂದರೆ ಮೊದಲ ತಿಂಗಳುಗಳ ಗುಳಿಗೆ ಮೋರಿಗೇ ಹೋಗಿತ್ತು. ಎಂಟು ತುಂಬಿದ ಮೇಲೆ ಇನ್ನೊಮ್ಮೆ ತೆಗೆದರು. ಮಾದರಿ ಬೇರೆ ಊರಿನ ಲ್ಯಾಬಿಗೆ ಹೋಗಿ ಬರಬೇಕು. ಹೆರಿಗೆ ಮೊದಲಾಗುತ್ತದೋ, ಫಲಿತಾಂಶ ಮೊದಲು ಬರುತ್ತದೋ ಎಂದು ನಾವು ದಿನ ಎಣಿಸಿದೆವು. ಹೆರಿಗೆಗೆ ಎಂಟು ದಿನ ಮೊದಲು ಬಂತು. ವೈರಸ್ ಕಾಣಿಸಿಲ್ಲ ಎಂದಿತ್ತು. ಆಪ್ತಸಮಾಲೋಚಕಿ ಆ ಕಾಗದವನ್ನು ಅವನ ಎದುರಿಗೇ ಓದಬೇಕಾಯಿತು. ನೋಡ್ರಿ ನನ್ನ ಲೆಕ್ಕ, ಅಂದ. ನಾವು ಹೌದಪ್ಪ ಅಂದೆವು. ಅವಳು ನೆಲ ನೋಡುತ್ತಿದ್ದಳು.

ಹೆಣ್ಣು ಕೂಸು. ಹುಟ್ಟಿದಾಗಿನಿಂದ ಆರು ವಾರ ಅದಕ್ಕೆ ದಿನಾ ಔಷಧಿ ಹಾಕಬೇಕು. ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಔಷಧಿಯನ್ನು ಅವನೇ ಬೆಳಕಿಗೆ ಹಿಡಿದು ಗೀಟು ನೋಡಿ ಹಾಕಿದ, ಒಂದು ಹನಿ ಹೆಚ್ಚು ಕಡಿಮೆ ಆಗಲಿಲ್ಲ, ಒಂದು ದಿನ ತಪ್ಪಲಿಲ್ಲ. ಮಗಳ ಮೇಲೆ ಜೀವ ಇಟ್ಟಿದ್ದ. ಆರನೆಯ ವಾರ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾಗದದ ಮೇಲೆ ಇಳಿಸಿ ಕಳಿಸಿದರು. ಕೂಸಿಗೆ ಇರಲಿಲ್ಲ. ಒಂದೂವರೆ ವರ್ಷಕ್ಕೆ ಕೊನೆಯ ಪರೀಕ್ಷೆ ಆಗುವ ತನಕ ಪೂರ್ತಿ ಹೇಳುವಂತಿಲ್ಲ, ಆದರೂ ಅವತ್ತಿಗೆ ಇರಲಿಲ್ಲ.

ಗೆದ್ದೆವು ಎಂದುಕೊಂಡೆ. ಅವಳು ಇನ್ನೂ ಅದೇ ಖೋಲಿಯಲ್ಲಿದ್ದಳು. ರಾತ್ರಿಯ ಗುಳಿಗೆ ಕೊಡುವುದು, ಬಿಸಾಕುವುದು ಹಾಗೇ ನಡೆದಿತ್ತು. ಅಂಗನವಾಡಿಯ ಊಟ ಬಾಣಂತಿಗೆ ಆರು ತಿಂಗಳು ಮಾತ್ರ. ಅದು ಮುಗಿದರೆ ಮುಂದೇನು ಎಂದು ಟೀಚರ್ ಮೂಲಕ ಕೇಳಿಸಿದೆ. ಅಷ್ಟರಾಗ ಜವಳ ಐತಿ ಎಂದು ಹೇಳಿ ಕಳಿಸಿದಳು.

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೂಸಿನ ಮೊದಲ ಕೂದಲು ತೆಗೆಯುವುದು ಸೋದರಮಾವನ ತೊಡೆಯ ಮೇಲೆ. ಬೇರೆ ಯಾರ ತೊಡೆಯೂ ನಡೆಯುವುದಿಲ್ಲ. ಕುಬಸಕ್ಕೆ ಡಾಕ್ಟರನ್ನು ಅಡ್ಡ ತಂದವನಿಗೆ ಜವಳಕ್ಕೆ ತರಲು ಯಾರೂ ಇರಲಿಲ್ಲ. ಅವನ ತಾಯಿಯೇ, ಮೊಮ್ಮಗಳ ಜವಳ ಐದನೇ ತಿಂಗಳಿಗೆ ಆಗಲೇಬೇಕು ಎಂದು ಹಠ ಹಿಡಿದಳು. ಅವನ ಮನೆದೇವರು ಅಣ್ಣನ ಊರಿನ ಹತ್ತಿರವೇ ಇದ್ದದ್ದರಿಂದ ಜವಳ ಅಲ್ಲೇ ಎಂದಾಯಿತು. ಹೆರಿಗೆಯ ಮೊದಲಿನಿಂದಲೂ ಆ ಹುಡುಗಿ ಈ ದಿನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ನನ್ನ ಜನ್ಮದಲ್ಲಿ ನಾನು ಮಾಡಿದ ಯಾವ ವ್ಯಾಪಾರವೂ ಅದರ ಮುಂದೆ ನಿಲ್ಲುವುದಿಲ್ಲ.

ಜವಳಕ್ಕೆಂದು ಕುಷ್ಟಗಿ ಕಡೆ ಹೋದವಳು ತಿರುಗಿ ಬರಲಿಲ್ಲ. ಅವನು ಹೊರಡುವ ಹಿಂದಿನ ದಿನವೇ ಅವಳ ಹಸಿರು ಪುಸ್ತಕವನ್ನು, ಅಂದರೆ ಚಿಕಿತ್ಸೆಯ ವಿವರ ಇರುವ ಪುಸ್ತಕವನ್ನು, ಟ್ರಂಕಿಗೆ ಹಾಕಿದ್ದ. ಪುಸ್ತಕ ಇಲ್ಲದೆ ಎಲ್ಲಿಯೂ ಗುಳಿಗೆ ಕೊಡುವುದಿಲ್ಲ ಎಂದುಕೊಂಡಿದ್ದ. ಅವಳ ಚಿಕಿತ್ಸೆಯ ನಂಬರನ್ನು ಆಪ್ತಸಮಾಲೋಚಕಿ ಮೊದಲೇ ಬಾಯಿಪಾಠ ಮಾಡಿಸಿದ್ದರು. ಕುಷ್ಟಗಿಯಲ್ಲಿ ಅವಳು ಆ ನಂಬರು ಹೇಳಿದಳು, ಕಂಪ್ಯೂಟರಿನಲ್ಲಿ ಸಿಕ್ಕಿತು, ಹೊಸ ಪುಸ್ತಕವಾಯಿತು. ಅಲ್ಲಿಂದಲೇ ದೂರು ಕೊಟ್ಟಿದ್ದಾಳೆ. ವಿಚಾರಣೆ ನಡೆದಿದೆ, ತಾರೀಖು ಮುಂದೆ ಹೋಗುತ್ತಿದೆ.

ಹೊರಗೆ ಬಂದಳು ಎಂದು ಬರೆದು ಮುಗಿಸಲು ಮನಸ್ಸಿದೆ, ಆಗುವುದಿಲ್ಲ. ಅಣ್ಣನಿಗೆ ಹೊಡೆತದ ವಿಷಯ ಗೊತ್ತು, ಕಾಯಿಲೆಯ ವಿಷಯ ಗೊತ್ತಿಲ್ಲ. ಗೊತ್ತಾದರೆ ಅತ್ತಿಗೆ ಒಂದು ತಟ್ಟೆಯಲ್ಲಿ ಉಣ್ಣಿಸುವುದಿಲ್ಲ ಎಂಬ ಭಯ. ಈಗ ಗುಳಿಗೆ ಹಿಟ್ಟಿನ ಡಬ್ಬಿಯ ಕೆಳಗಿದೆ. ಗಂಡ ತಿಂಗಳಿಗೊಮ್ಮೆ ಇಪ್ಪತ್ತೆಂಟನೆಯ ದಿನ ಕೇಂದ್ರಕ್ಕೆ ಬರುತ್ತಾನೆ, ಬಾಟಲಿ ಇಡುತ್ತಾನೆ, ಅದರಲ್ಲಿ ಎರಡು ಇರುತ್ತವೆ. ಅಕಿ ಈಗ ಗುಳಿಗಿ ಎಲ್ಲಿ ತಗೋತಾಳ್ರಿ ಎಂದು ಮೆಲ್ಲಗೆ ಕೇಳುತ್ತಾನೆ. ನನಗೆ ಗೊತ್ತಿಲ್ಲಪ್ಪ ಅನ್ನುತ್ತೇನೆ. ಅವನ ಗುಳಿಗೆಯನ್ನು ಎಣಿಸಿ ಕೊಡುತ್ತೇನೆ. ಅದೂ ನನ್ನ ಕೆಲಸವೇ.

ಇನ್ನು ನಿಮಗೆ ಹೇಳುವುದು. ನೀವು ಗುಳಿಗೆ ನುಂಗುವ ಹೆಣ್ಣುಮಗಳಾಗಿದ್ದರೆ ನಿಮ್ಮ ಚಿಕಿತ್ಸೆಯ ನಂಬರನ್ನು ಬಾಯಿಪಾಠ ಮಾಡಿ. ಪುಸ್ತಕವನ್ನು ಯಾರು ಬೇಕಾದರೂ ಬೀಗ ಹಾಕಿಡಬಹುದು, ನಂಬರನ್ನು ಆಗುವುದಿಲ್ಲ. ಗುಳಿಗೆಯ ಹೊತ್ತು ನಿಮಗೆ ಹೊಂದದಿದ್ದರೆ ಬದಲಿಸಿಕೊಡಿ ಎಂದು ವೈದ್ಯರನ್ನು ಕೇಳಿ, ಕಾರಣ ಹೇಳಲೇಬೇಕೆಂದಿಲ್ಲ. ಹೊಡೆತದ ದೂರನ್ನು ಗಂಡನ ಊರಿನಲ್ಲೇ ಕೊಡಬೇಕೆಂದಿಲ್ಲ, ನೀವು ಈಗ ಇರುವ ಊರಿನಲ್ಲೂ ಕೊಡಬಹುದು. ನಿಮ್ಮ ಕಾಯಿಲೆಯ ವಿಷಯ ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವುದು ಕಾನೂನಿಗೆ ವಿರುದ್ಧ. ಹೇಳುತ್ತೇನೆ ಎಂದು ಹೆದರಿಸುವವನಿಗೆ ಇದು ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರಲಿ.

ನನ್ನಂಥ ಕೆಲಸದವರಾಗಿದ್ದರೆ, ಹೊಡೆತದ ಪ್ರಶ್ನೆಯನ್ನು ಫೋನಿನಲ್ಲಿ ಕೇಳಬೇಡಿ. ಕಾಲಂ ಖಾಲಿ ಇದ್ದರೆ ಮೇಲಿನವರು ಬೈಯುತ್ತಾರೆ, ಬೈಸಿಕೊಳ್ಳಿ. ಅವಳಿಗಾಗಿ ಗಂಡನ ಜೊತೆ ಯಾವ ಕರಾರೂ ಮಾಡಬೇಡಿ. ಅವನು ಎಷ್ಟು ವಿನಯದಿಂದ ಮಾತಾಡುತ್ತಾನೋ ಅಷ್ಟು ತಡೆದು ನೋಡಿ. ದಾರಿ ಹುಡುಕುವ ಮೊದಲು ಅವಳು ದಿನಾ ಎಲ್ಲಿಗೆ ಹೋಗಿಬರುತ್ತಾಳೆ ಎಂದು ಅವಳನ್ನೇ ಕೇಳಿ. ಮನುಷ್ಯರು ನುಂಗುವ ಗುಳಿಗೆ ಒಂದೆರಡು ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. ಯಾವ ಬಾಟಲಿಯಲ್ಲಿ ತಿಂಗಳುಗಟ್ಟಲೆ ಒಂದೂ ಲೆಕ್ಕ ತಪ್ಪುವುದಿಲ್ಲವೋ ಆ ಮನೆಗೆ ಮೊದಲು ಹೋಗಿ. ಹೋದಾಗ, ಮಾತು ಶುರು ಮಾಡುವ ಮುಂಚೆ, ಯಾವ ಕಡೆ ಕೂತರೆ ಅವಳಿಗೆ ಕೇಳಿಸುತ್ತದೆ ಎಂದು ನೋಡಿ ಆ ಕಡೆ ಕೂತುಕೊಳ್ಳಿ.